ಸಾಸವಡದಲ್ಲಿ ಬಿಟ್ಟು ಬಂದ ಗಾಡಿ

ಧಾರವಾಡದಿಂದ ಬೆಳಗಿನ ಆರೂವರೆಗೆ ಹೊರಡಬೇಕಾದ ಪುಣೆ ಬಸ್ಸು ಏಳಕ್ಕೆ ಹೊರಟಿತು. ರಾಜ್ಯದೊಳಗೆ ಹೆಣ್ಣುಮಕ್ಕಳಿಗೆ ಪುಕ್ಕಟೆ ಪ್ರಯಾಣ ಬಂದಮೇಲೆ ನನಗೆ ಟಿಕೆಟ್ ತೆಗೆಯುವ ರೂಢಿಯೇ ತಪ್ಪಿಹೋಗಿದೆ. ಕಂಡಕ್ಟರ್ ಬಂದಾಗ ಠೀವಿಯಿಂದ ಆಧಾರ್ ಕಾರ್ಡು ಹಿಡಿದೆ. ಆತ ಕಾರ್ಡನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಇದು ನಿಪ್ಪಾಣಿ ದಾಟಿ ಹೋಗೂ ಬಸ್ಸರಿ ಅಕ್ಕಾರ. ರೊಕ್ಕ ತಗೀರಿ" ಎಂದ. ತಲೆಗೆ ಏಳುನೂರರ ಮೇಲಾಯಿತು. ಇವರು ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದರು.

ಇವರು ಎಂದರೆ ನನ್ನ ಗಂಡ ಗುರುನಾಥ. ಧಾರವಾಡದ ಪೇಟೆಯಲ್ಲಿ ಬೀಜದ ಅಂಗಡಿ ಇಟ್ಟುಕೊಂಡಿದ್ದಾರೆ. ಅದು ಹೊಟ್ಟೆಪಾಡು. ಜೀವ ಇರುವುದು ಮೋಟಾರ್ ಸೈಕಲ್ಲಿನಲ್ಲಿ, ಅದೂ ಡಾಂಬರು ಮುಗಿದ ಮೇಲೆ ಶುರುವಾಗುವ ದಾರಿಯಲ್ಲಿ. ನಮ್ಮ ಮದುವೆಗೂ ಮೊದಲಿನಿಂದ ಭಾನುವಾರ ಬಂತೆಂದರೆ ಗುಡ್ಡ, ಕ್ವಾರಿ, ಒಣಗಿದ ಹಳ್ಳ. ಸೋಮವಾರ ಮೈಯೆಲ್ಲ ಎಣ್ಣೆ ತಿಕ್ಕಿಸಿಕೊಂಡು ಅಂಗಡಿಗೆ ಹೋಗುವ ಮನುಷ್ಯ. ಮೂರು ವರ್ಷದ ಹಿಂದೆ ಕಲಘಟಗಿ ಕಡೆಯ ಕಚ್ಚಾ ದಾರಿಯಲ್ಲಿ ಬಿದ್ದು ಎಡಗೈ ಮಣಿಕಟ್ಟು ಮುರಿಯಿತು. ಒಳಗೆ ಲೋಹದ ಪಟ್ಟಿ ಹಾಕಿದರು. ಬೀಜ ತೂಗುವುದಕ್ಕೆ, ರೊಟ್ಟಿ ಮುರಿಯುವುದಕ್ಕೆ ಆ ಕೈ ಸಾಕು. ಆದರೆ ಮುಂದಿನ ಗಾಲಿಗೆ ಕಲ್ಲು ಬಡಿದಾಗ ಹ್ಯಾಂಡಲ್ಲು ಒದೆಯುತ್ತದಲ್ಲ, ಆ ಒದೆತಕ್ಕೆ ಮಾತ್ರ ಕೈ ಕೈಕೊಡುತ್ತಿತ್ತು. ಅಂದಿನಿಂದ ಗಾಡಿ ಅಂಗಳದಲ್ಲಿ ಹಳೆಯ ಜಮಖಾನೆ ಹೊದ್ದುಕೊಂಡು ನಿಂತಿತ್ತು.

ಪುಣೆಯ ಕಾತ್ರಜದಲ್ಲಿ ಇವರ ಅಕ್ಕ ಪದ್ಮಕ್ಕನ ಮನೆ ಇದೆ. ಮಾಳಿಗೆಯಲ್ಲಿ ಬಾಡಿಗೆಗೆ ಸಿಂಚನಾ ಎಂಬ ಎಂಜಿನಿಯರ್ ಹುಡುಗಿ ಇದ್ದಾಳೆ. ಅವಳು ಕೆಲಸ ಮಾಡುವ ಸಣ್ಣ ಕಂಪನಿಯವರು ಗುಡ್ಡದಲ್ಲಿ ಓಡಿಸುವ ಗಾಡಿಗೂ ಸೈಕಲ್ಲಿಗೂ ಹೊಸ ನಮೂನೆಯ ಸ್ಟಿಯರಿಂಗ್ ಯಂತ್ರ ಮಾಡಿದ್ದಾರೆ, ಹ್ಯಾಂಡಲ್ಲಿನ ಒದೆತವನ್ನು ಅದೇ ನುಂಗಿಬಿಡುತ್ತದೆ, ಪರೀಕ್ಷೆಗೆ ಸವಾರರು ಬೇಕಾಗಿದ್ದಾರೆ ಎಂದು ಪದ್ಮಕ್ಕ ಫೋನಿನಲ್ಲಿ ಹೇಳಿದ್ದೇ ತಡ, ಇವರು ಜಮಖಾನೆ ತೆಗೆದರು.

ನಾನು ಬೇಡವೆಂದೆ. ಜಗಳವೂ ಆಯಿತು. ಕಡೆಗೆ ಇವರೇ ಒಂದು ಶರತ್ತು ಹಾಕಿಕೊಂಡರು. ಸಾಸವಡದಲ್ಲಿ ದತ್ತಾಭಾವು ಎಂಬ ಹಳೆಯ ಜೊತೆ ಸವಾರರಿದ್ದಾರೆ. ಗ್ಯಾರೇಜು ಇಟ್ಟಿದ್ದಾರೆ. ಇವರ ಗಾಡಿಯ ಮೇಲೆ ಅವರಿಗೆ ಬಹಳ ದಿನದ ಕಣ್ಣು. ಇವರು ಅವರಿಗೆ ಫೋನ್ ಮಾಡಿ, "ಕೈ ನಿಂತರೆ ಗಾಡಿ ನನ್ನದು, ನಿಲ್ಲದಿದ್ದರೆ ನಿನ್ನದು" ಎಂದು ಮಾತು ಕೊಟ್ಟುಬಿಟ್ಟರು. "ಹೊದಿಸಿಟ್ಟ ಗಾಡಿ ದಿನಾ ನೋಡಲಿಕ್ಕೆ ಆಗೂದಿಲ್ಲ ಸುಮಾ. ಒಂದು ಓಡಬೇಕು, ಇಲ್ಲಾ ಹೋಗಬೇಕು" ಎಂದರು. ಗಾಡಿಯನ್ನು ಎರಡು ದಿನ ಮೊದಲೇ ಪಾರ್ಸೆಲ್ ಲಾರಿಗೆ ಹಾಕಿದೆವು. ಅದರ ಹಿಂದೆ ನಾವು ಹೊರಟೆವು.

ಬೆಳಗಾವಿಯಲ್ಲಿ ಇಡ್ಲಿ ತಿಂದೆವು. ಕೊಲ್ಹಾಪುರ ಬರುವ ಹೊತ್ತಿಗೆ ಬಿಸಿಲೇರಿತ್ತು. ಕರಾಡ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು ದಾರಿ ಕಟ್ಟಿಕೊಂಡು ಮುಕ್ಕಾಲು ತಾಸು ತಿಂದವು. ಸಾತಾರಾದಲ್ಲಿ ಬಸ್ಸಿನೊಳಗೆ ಆ ಊರಿನ ಹೆಸರಾದ ಕಂದಿ ಪೇಢೆ ಮಾರಲು ಬಂದವನು ನಮ್ಮ ಕೈಚೀಲದಲ್ಲಿ ಧಾರವಾಡ ಪೇಢೆಯ ಡಬ್ಬಿ ಕಂಡು, ಹಗೆಯವರ ಮನೆಗೆ ಬಂದವನ ಹಾಗೆ ಮುಖ ಮಾಡಿ ಮುಂದೆ ಹೋದ. ಸುರಂಗ ದಾಟಿ ಕಾತ್ರಜದಲ್ಲಿ ಇಳಿದಾಗ ಸಂಜೆ ಐದು. ಫೆಬ್ರವರಿ ಕಡೆಯ ವಾರ, ಗುಡ್ಡಗಳೆಲ್ಲ ಒಣಗಿ ಕಂದುಬಣ್ಣಕ್ಕೆ ತಿರುಗಿದ್ದವು. ಇವರು ಇಳಿದವರೇ ಆ ಗುಡ್ಡಗಳನ್ನು ನೋಡುತ್ತ ನಿಂತರು. ಚೀಲಗಳನ್ನು ನಾನು ಎಣಿಸಿಕೊಂಡೆ.

ಪದ್ಮಕ್ಕ ಪುಣೆಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಅವರ ಕನ್ನಡದೊಳಗೆ ಮರಾಠಿ ಉಪ್ಪಿನ ಹಾಗೆ ಕರಗಿಹೋಗಿದೆ. "ಬರ್ರಿ ಬರ್ರಿ, ಪ್ರವಾಸ ನೀಟ ಆತಲ್ಲ? ಗುರಣ್ಣಾ, ಕೈ ಕಸಾ ಅದನೋ?" ಎಂದು ಬಾಗಿಲಲ್ಲೇ ಕೈ ಹೇಗಿದೆಯೆಂದು ವಿಚಾರಿಸಿದರು. ಚಹಾ ಆದಮೇಲೆ ಮಾಳಿಗೆಯಿಂದ ಸಿಂಚನಾ ಇಳಿದು ಬಂದಳು. ತುಮಕೂರಿನ ಹುಡುಗಿ, ಬೆಂಗಳೂರಿನಲ್ಲಿ ಓದಿದವಳು, ಪುಣೆಗೆ ಬಂದು ಎರಡು ವರ್ಷ. ಜೀನ್ಸಿನ ಜೇಬಿನಲ್ಲಿ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡೇ ಬಂದಿದ್ದಳು.

"ಹಾಯ್ ಅಂಕಲ್! ನಿಮ್ ಬೈಕ್ ಸೂಪರಾಗಿದೆ. ಇವತ್ತೇ ಯೂನಿಟ್ ಫಿಟ್ ಮಾಡಿದ್ವಿ" ಎಂದಳು.

ಅಂಕಲ್ ಎಂದದ್ದು ಇವರಿಗೆ ಸೇರಲಿಲ್ಲ, ಬೈಕ್ ಸೂಪರ್ ಎಂದದ್ದು ಸೇರಿತು. ಎರಡನೆಯದು ಗೆದ್ದಿತು. ಮಾತಿನ ನಡುವೆ ನಾನು ಮೈಸೂರಿನವಳೆಂದು ಪದ್ಮಕ್ಕ ಹೇಳಿದಾಗ ಆ ಹುಡುಗಿ ಕಣ್ಣರಳಿಸಿದಳು.

"ನಿಜ್ವಾಗ್ಲೂ ಆಂಟಿ? ಗೊತ್ತೇ ಆಗಲ್ಲ! ನೀವು ಪಕ್ಕಾ ಧಾರವಾಡದವ್ರ ಥರಾನೇ ಮಾತಾಡ್ತೀರಾ."

"ಪುಕ್ಕಟ ಆಗಿಲ್ಲವಾ ಅದು," ಎಂದರು ಇವರು. "ಬಂದ ಹೊಸತರಾಗ ಚೆನ್ನಾಗಿದೆ, ತುಂಬಾ, ಬನ್ನಿ ಹೋಗಿ ಅಂತಿದ್ಲು. ನಾನೂ ನಮ್ಮವ್ವ ಕೂಡಿ ತಿದ್ದಿ ತಿದ್ದಿ ಹಾದಿಗೆ ತಂದೇವಿ. ಇಪ್ಪತ್ತೆರಡು ವರ್ಷದ ಕೆಲಸ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಸಿಂಚನಾಳ ಜೊತೆ ಹಳೆಯ ಮೈಸೂರು ಕನ್ನಡದಲ್ಲಿ ನಾಲ್ಕು ಮಾತಾಡಿ ತೋರಿಸೋಣವೆಂದು ಬಾಯಿ ತೆರೆದರೆ, "ಊಟ ಆತೇನವಾ" ಎಂದೇ ಬಂತು. ನಾಲಿಗೆ ಎಂದೋ ಗಂಡನ ಮನೆಯದಾಗಿತ್ತು.

ಎರಡನೆಯ ದಿನ ಅವರ ಶೆಡ್ಡಿಗೆ ಹೋದೆವು. ಕೊಂಢವೆ ದಾಟಿ ಬೋಪದೇವ ಘಾಟಿಗೆ ಹೋಗುವ ದಾರಿಯಲ್ಲಿ, ಗ್ರಾನೈಟ್ ಅಂಗಡಿಯ ಹಿಂದೆ ತಗಡಿನ ಕಟ್ಟಡ. ಕಾತ್ರಜದಿಂದ ರಿಕ್ಷಾದವನು ಮೀಟರಿಗಿಂತ ಹೆಚ್ಚು ಕೇಳಿದ. ಪದ್ಮಕ್ಕ ಹೇಳಿಕೊಟ್ಟಿದ್ದ ಮರಾಠಿಯಲ್ಲಿ ನಾನು ಬೈದೆ. ಅವನು ನಕ್ಕು ಮೀಟರಿನಷ್ಟೇ ತೆಗೆದುಕೊಂಡ, ನನ್ನ ಮರಾಠಿಗೆ ಅಷ್ಟು ರಿಯಾಯಿತಿ ಸಿಕ್ಕಿತು. ಒಳಗೆ ಇವರ ಗಾಡಿ ಎತ್ತರದ ಮಣೆಯ ಮೇಲೆ, ತೊಳೆದು ಒರೆಸಿಕೊಂಡು ನಿಂತಿತ್ತು. ಹ್ಯಾಂಡಲ್ಲಿನ ನಡುಮಧ್ಯೆ ಅಂಗೈಯಗಲದ ಕಪ್ಪು ಪೆಟ್ಟಿಗೆ ಕೂತಿತ್ತು.

ಸಿಂಚನಾ ವಿವರಿಸಿದ್ದು ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ. ಪೆಟ್ಟಿಗೆಯೊಳಗೆ ಎಣ್ಣೆ ಇದೆ, ಎಣ್ಣೆ ಹರಿಯಲು ಸಣ್ಣ ಕಿಂಡಿ ಇದೆ. ಕಿಂಡಿ ದೊಡ್ಡದಾದರೆ ಹ್ಯಾಂಡಲ್ಲು ಸಲೀಸು, ಸಣ್ಣದಾದರೆ ಬಿಗಿ. ಹಳೆಯ ಕಾಲದ ಇಂಥ ಯಂತ್ರಗಳಲ್ಲಿ ಕಿಂಡಿಯನ್ನು ಕೈಯಿಂದ ತಿರುಗಿಸಿ ಇಟ್ಟುಬಿಟ್ಟರೆ ಮುಗಿಯಿತು, ಇಡೀ ದಿನ ಅಷ್ಟೇ ಬಿಗಿ. ಇದರಲ್ಲಿ ಕಿಂಡಿಯನ್ನು ಮುಚ್ಚಿ ತೆರೆಯುವುದು ಎಲೆಕ್ಟ್ರಾನಿಕ್ಸ್. ಹ್ಯಾಂಡಲ್ಲು ಎಷ್ಟು ರಭಸದಿಂದ ತಿರುಗಿತೆಂದು ಒಂದು ಸೆನ್ಸರ್ ನೋಡುತ್ತಲೇ ಇರುತ್ತದೆ.

"ನೀವು ತಿರುಗಿಸಿದ್ರೆ ಸ್ಮೂತ್ ಆಗಿ ತಿರುಗುತ್ತೆ ಅಂಕಲ್. ಕಲ್ಲು ತಿರುಗಿಸಿದ್ರೆ ಜರ್ಕ್ ಇರುತ್ತೆ. ಜರ್ಕ್ ಬಂದ ತಕ್ಷಣ ಇದು ಟೈಟ್ ಆಗುತ್ತೆ, ಆಮೇಲೆ ಬಿಟ್ಬಿಡುತ್ತೆ."

"ಅಂದ್ರ ಯಾವದು ನನ್ನ ಕೈ, ಯಾವದು ಕಲ್ಲು ಅಂತ ಅದಕ್ಕ ತಿಳೀತದ?"

"ಎಕ್ಸಾಕ್ಟ್ಲಿ!"

ಇವರು ಪೆಟ್ಟಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ದಸರೆಯ ಖಂಡೆ ಪೂಜೆಯ ದಿನ ಹ್ಯಾಂಡಲ್ಲಿಗೆ ಹೀಗೆಯೇ ಮಾಡುತ್ತಾರೆ. ಸಿಂಚನಾ ತನ್ನ ಫೋನಿನಲ್ಲಿ ಎರಡು ಗೆರೆಗಳನ್ನು ತೋರಿಸಿದಳು. ಮೇಲಿನ ಗೆರೆ, ಎಷ್ಟು ಬಿಗಿಯಾಗಬೇಕು ಎಂಬುದಕ್ಕೆ. ಕೆಳಗಿನದು, ಆ ಬಿಗಿ ಎಷ್ಟು ಬೇಗ ಬರಬೇಕು ಎಂಬುದಕ್ಕೆ. ಸವಾರ ಗುಡ್ಡದ ಮೇಲಿದ್ದರೂ ಅವಳು ಕೆಳಗೆ ನಿಂತು ಬೆರಳಲ್ಲಿ ಎಳೆದು ಬದಲಿಸಬಹುದಂತೆ. ಬೆಲೆ ಎಷ್ಟೆಂದು ಕೇಳಿದೆ. ಇನ್ನೂ ಇಟ್ಟಿಲ್ಲ ಎಂದಳು.

ಅಂಗಳದಲ್ಲಿ ಗುಡ್ಡದ ಸೈಕಲ್ಲೊಂದಿತ್ತು. ಅದಕ್ಕೂ ಇದೇ ಯಂತ್ರದ ತಮ್ಮ, ಜೊತೆಗೊಂದು ಸ್ಪ್ರಿಂಗು. ಸೀರೆ ಸಿಕ್ಕಿಸಿಕೊಂಡು ನಾನೇ ಹತ್ತಿದೆ. ಗಣಿತದ ಟೀಚರ್ ಆದವಳು ಲೆಕ್ಕವನ್ನು ತಾಳೆ ನೋಡದೆ ಒಪ್ಪಬಾರದಲ್ಲ. ಸಾಲಾಗಿ ಬಿದ್ದಿದ್ದ ಅರ್ಧ ಇಟ್ಟಿಗೆಗಳ ಮೇಲೆ ಹಾಯಿಸಿದೆ. ಹ್ಯಾಂಡಲ್ಲು ಎಡಕ್ಕೆ ಹಾರಬೇಕಾದಲ್ಲಿ ಗಕ್ಕನೆ ನಿಂತು, ಮತ್ತೆ ನೆಟ್ಟಗಾಯಿತು. ಎದುರಿನಿಂದ ಯಾರೋ ಮೆಲ್ಲಗೆ ಕೈ ಹಿಡಿದ ಹಾಗಿತ್ತು. ಕೆಳಗಿಳಿದು, "ಛಲೋ ಅದ" ಎಂದೆ. ಮೂರು ವರ್ಷದಲ್ಲಿ ಗಾಡಿಯ ವಿಷಯಕ್ಕೆ ನನ್ನ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು. ಇವರು ನನ್ನ ಸೆರಗಿಗೆ ಹತ್ತಿದ್ದ ಧೂಳು ಕೊಡವಿದರು.

ರಾತ್ರಿ ಪದ್ಮಕ್ಕ ಕಡಲೆಹಿಟ್ಟಿನ ಝುಣಕ ಮಾಡಿದ್ದರು. ಇವರು ಎಂದಿಗಿಂತ ಒಂದು ಜೋಳದ ಭಾಕರಿ ಹೆಚ್ಚಿಗೆ ತಿಂದರು.

ಮೂರನೆಯ ದಿನ ಸಿಂಚನಾಳ ಕಾರಿನಲ್ಲಿ ಬೋಪದೇವ ಘಾಟು ಹತ್ತಿ ಇಳಿದೆವು. ಗಾಡಿ ಹಿಂದೆ ಪಿಕಪ್ಪಿನಲ್ಲಿ ಬಂತು. ಸಾಸವಡಕ್ಕೆ ಮೂರ್ನಾಲ್ಕು ಕಿಲೋಮೀಟರ್ ಇರುವಾಗ ಎಡಕ್ಕೆ ಹೊರಳಿದರೆ ಬೋಳು ಗುಡ್ಡ. ದಾರಿಯುದ್ದಕ್ಕೂ ಅಂಜೂರದ ತೋಟ, ರಸ್ತೆ ಬದಿಗೆ ಎಲೆ ಹಾಸಿದ ಬುಟ್ಟಿಗಳಲ್ಲಿ ಹಣ್ಣು. ದತ್ತಾಭಾವು ನಮಗಿಂತ ಮೊದಲೇ ಬಂದು ಬಂಡೆಯ ಮೇಲೆ ಕೂತಿದ್ದರು. ಬಿಳಿ ಟೋಪಿಯ ದಪ್ಪ ಮನುಷ್ಯ. ಇವರ ಎಡಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, "ಕಾಯ್ ಮ್ಹಣತೋ ಹಾತ?" ಎಂದರು. ಏನು ಹೇಳುತ್ತದೆ ಕೈ ಎಂದು ಅರ್ಥ.

"ಇವತ್ತು ಸಂಜೆಯೊಳಗೆ ಹೇಳುತ್ತದೆ" ಎಂದರು ಇವರು ಮರಾಠಿಯಲ್ಲಿ.

ಶಿರಸ್ತ್ರಾಣದೊಳಗೆ ಸಣ್ಣ ಮೈಕು, ಕಿವಿಗೆ ಸ್ಪೀಕರು. ಇವರು ಆಡಿದ ಮಾತು ಸಿಂಚನಾಳ ಫೋನಿನಲ್ಲಿ ನಮಗೆಲ್ಲ ಕೇಳುತ್ತಿತ್ತು. ಮೊದಲ ಸುತ್ತು ಗುಡ್ಡದ ಸೆರಗಿನಲ್ಲೇ, ಕಲ್ಲು ಕಡಿಮೆ ಇದ್ದ ಕಡೆ. ಗಾಡಿ ಚಾಲೂ ಆಯಿತು. ಇವರು ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು, ಮೊಣಕಾಲು ಬಗ್ಗಿಸಿ, ನಾನು ಮರೆತೇಬಿಟ್ಟಿದ್ದ ಆ ಭಂಗಿಯಲ್ಲಿ ಕಲ್ಲುಗಳ ಮೇಲೆ ಹಾಯ್ದರು. ಹ್ಯಾಂಡಲ್ಲು ಅಲುಗಲಿಲ್ಲ. ಫೋನಿನಿಂದ ನಗು ಕೇಳಿತು, ಮಾತಲ್ಲ. ಐವತ್ತು ದಾಟಿದ ಗಂಡಸು ಹಾಗೆ ನಗುವುದನ್ನು ನಾನು ಕೇಳಿ ಬಹಳ ಕಾಲವಾಗಿತ್ತು. ನಾನು ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದೆ. ಬೇಡವೆಂದು ಜಗಳವಾಡಿದವಳು ನಾನೇ. ಈಗ, ದೇವರೇ ಈ ಗಾಡಿ ನಮ್ಮಲ್ಲೇ ಉಳಿಯಲಿ ಎಂದು ಬೇಡಿಕೊಳ್ಳುತ್ತಿದ್ದವಳೂ ನಾನೇ. ದತ್ತಾಭಾವು ಟೋಪಿ ತೆಗೆದು ತಲೆ ಕೆರೆದುಕೊಂಡು, ಗಾಡಿ ನನ್ನ ಕೈ ತಪ್ಪಿತು ಅತ್ತಿಗೆ ಎಂದು ನಕ್ಕರು.

ಇವರು ಗುಡ್ಡ ಹತ್ತಿ ತುದಿಯಲ್ಲಿ ನಿಂತರು. ಇನ್ನು ಇಳಿಯುವುದು. ನಿಜವಾದ ಪರೀಕ್ಷೆ ಅದೇ. ತೆಂಗಿನಕಾಯಿ ಗಾತ್ರದ ಕಲ್ಲುಗಳು ತುಂಬಿದ ಕೊರಕಲು. ಫೋನಿನಲ್ಲಿ ಇವರ ಉಸಿರು, ಆಮೇಲೆ ಮಾತು ಬಂತು.

"ಭಾಳ ಛಲೋ ಅದರಿ. ಒಂದs ಅದ. ಬಿಗಿ ಒಮ್ಮಿಗಲೇ ಬರ್ತದ. ಅದನ್ನಷ್ಟು ಹಗೂರ ಮಾಡ್ರಿ."

"ಓಕೆ ಅಂಕಲ್, ಮಾಡ್ದೆ" ಎಂದು ಸಿಂಚನಾ ಫೋನಿನ ಮೇಲೆ ಬೆರಳೆಳೆದಳು.

ನಾನು ಪಕ್ಕದಲ್ಲೇ ಥರ್ಮಾಸಿನ ಮುಚ್ಚಳ ತಿರುಗಿಸುತ್ತ ನಿಂತಿದ್ದೆ. ಇವರು ಹೇಳಿದ್ದು ಕೇಳಿಸಿತು, ಅರ್ಥವೂ ಆಯಿತು. ಸರಿಯಾಗಿಯೇ ಹೇಳಿದರು ಎನಿಸಿತು.

ಇಳಿಜಾರಿನಲ್ಲಿ ಮೊದಲ ನಾಲ್ಕಾರು ಕಲ್ಲು ದಾಟಿದರು. ಆಮೇಲೆ ಮುಂದಿನ ಗಾಲಿ ಒಂದು ಕಲ್ಲಿಗೆ ಬಡಿದು ಹ್ಯಾಂಡಲ್ಲು ಚಕ್ಕನೆ ಎಡಕ್ಕೆ ಒದೆಯಿತು. ಎಡಗೈ ಬಿಟ್ಟುಹೋಯಿತು. ಗಾಡಿ ಒಂದು ಕಡೆ, ಇವರು ಒಂದು ಕಡೆ. ನಾವು ಓಡಿ ಹತ್ತುವಷ್ಟರಲ್ಲಿ ಎದ್ದು ಕೂತಿದ್ದರು. ಮೊಣಕೈ ತರಚಿತ್ತು, ಅಷ್ಟೇ. ಆದರೆ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದರು.

"ಅಂಕಲ್, ಸೆಟ್ಟಿಂಗ್ ಚೇಂಜ್ ಮಾಡಿ ಇನ್ನೊಂದು ರನ್ ಹೋಗೋಣ್ವಾ? ಲಾಗ್ ನೋಡ್ತೀನಿ, ಒಂದ್ ಹಾಫ್ ಅವರ್ ಕೊಡಿ" ಎಂದಳು ಸಿಂಚನಾ.

"ಬ್ಯಾಡವಾ ತಂಗಿ. ನಿನ್ನ ಯಂತ್ರದ್ದು ತಪ್ಪಿಲ್ಲ. ನಾ ಹೇಳಿದಂಗ ನೀ ಮಾಡಿದಿ. ಕೈದs ಮುಗದದ."

"ಇನ್ನೊಂದ್ಸಲ ನೋಡ್ರಿ," ಎಂದೆ ನಾನು. ನಾನೇ ಹಾಗೆಂದದ್ದು ಕೇಳಿ ಇವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ತಲೆಯಾಡಿಸಿದರು.

"ಮಾತಂದ್ರ ಮಾತು, ಸುಮಾ."

ಅಲ್ಲಿಯೇ, ಗುಡ್ಡದ ಕೆಳಗೆ, ಸಿಂಚನಾ ಕಪ್ಪು ಪೆಟ್ಟಿಗೆಯನ್ನು ಬಿಚ್ಚಿಕೊಂಡಳು. ಗಾಡಿ ದತ್ತಾಭಾವುಗೆ ಹೋಯಿತು. ಅವರು ಸಂತೋಷದಿಂದ ತೆಗೆದುಕೊಂಡರೆಂದು ಹೇಳಲಾರೆ. ಗೆದ್ದ ಮುಖವಿರಲಿಲ್ಲ. ಅಂಗಡಿಯಿಂದ ತೆಂಗಿನಕಾಯಿ ತರಿಸಿ, ಮುಂದಿನ ಗಾಲಿಯ ಹತ್ತಿರ ಒಡೆದು, ಕಾಯಿಯ ನೀರನ್ನು ಟಯರಿಗೆ ಚಿಮುಕಿಸಿದರು. ಇವರು ಹ್ಯಾಂಡಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ದತ್ತಾಭಾವು ನಮಗೆ ಅರ್ಧ ಹೋಳು ಕಾಯಿ, ಒಂದು ಡಬ್ಬಿ ಅಂಜೂರ ಕೊಟ್ಟರು. ಆಷಾಢದ ಯಾತ್ರೆಯ ಪಲ್ಲಕ್ಕಿಗೆ ಬನ್ನಿ, ನಮ್ಮೂರಲ್ಲಿ ನಿಲ್ಲುತ್ತದೆ, ಮನೆಯಲ್ಲೇ ಇಳಿದುಕೊಳ್ಳಿ ಎಂದರು. ಇವರು ಹೂಂ ಎಂದರು. ಗಾಡಿ ಕೊಟ್ಟು ಅಂಜೂರ ತಂದೆವು ಎಂದು ಕಾರಿನಲ್ಲಿ ನಾನು ಚೇಷ್ಟೆ ಮಾಡಲು ನೋಡಿದೆ. ಅರ್ಧಕ್ಕೆ ಬಿಟ್ಟು ಡಬ್ಬಿಯನ್ನು ಚೀಲಕ್ಕೆ ತುರುಕಿದೆ. ದುಃಖವಾಗಿತ್ತು ನನಗೆ, ಇವರಿಗಿಂತ ಹೆಚ್ಚೇ ಇರಬೇಕು.

ಪದ್ಮಕ್ಕನ ಮನೆಯಲ್ಲಿ ಊಟವೆಂದು ಎರಡು ತುತ್ತು ತಿಂದು, ಚೀಲ ಎತ್ತಿಕೊಂಡೆವು. ಸ್ವಾರಗೇಟದಿಂದ ಬರುವ ನಮ್ಮ ಬಸ್ಸಿಗೆ ಕಾತ್ರಜದಲ್ಲಿ ಹತ್ತಬೇಕಿತ್ತು. ಸಿಂಚನಾ ಕೆಲಸಕ್ಕೆ ಮರಳದೆ ನಮ್ಮನ್ನು ಬಿಡಲು ಬಂದಳು. ಇವರು ನೀರಿನ ಬಾಟಲಿ ತರಲು ರಸ್ತೆಯಾಚೆ ಹೋದರು. ಆ ಹುಡುಗಿ ಚಪ್ಪಲಿಯ ತುದಿಯಿಂದ ಮಣ್ಣು ಕೆದಕುತ್ತ ನಿಂತಿದ್ದಳು.

"ಆಂಟಿ, ನಂಗೆ ಬೇಜಾರಾಗ್ತಿದೆ. ಫಸ್ಟ್ ರನ್ ಅಷ್ಟು ಚೆನ್ನಾಗಿತ್ತು. ಅಂಕಲ್‌ಗೆ ಸ್ಟಿಯರಿಂಗ್ ಭಾರ ಅನ್ಸಿತ್ತೇನೋ, ಹಗುರ ಮಾಡಿ ಅಂದ್ರು. ನಾನು ತುಂಬಾನೇ ಹಗುರ ಮಾಡ್ಬಿಟ್ನೇನೋ. ಮೇಲಿನ ಗೆರೆ ಆಲ್ಮೋಸ್ಟ್ ಜೀರೋಗೆ ತಂದ್ಬಿಟ್ಟೆ."

ನನಗೆ ಮೊದಲು ಏನೂ ಹೊಳೆಯಲಿಲ್ಲ. ಆಮೇಲೆ ಹಗುರ ಎಂಬ ಅವಳ ಮಾತನ್ನು ಇನ್ನೊಮ್ಮೆ ಅಂದುಕೊಂಡೆ.

ಮದುವೆಯಾದ ಹೊಸತು. ಒಂದು ಮಧ್ಯಾಹ್ನ ತುಂಬಿದ ಮಜ್ಜಿಗೆ ಗಡಿಗೆಯನ್ನು ಎತ್ತಿಕೊಂಡು ಅಡುಗೆಮನೆಯಿಂದ ಹೊರಟಿದ್ದೆ. ಅತ್ತೆ ಪಡಸಾಲೆಯಿಂದ, "ಹಗೂರ ತಗೊಂಡ ಬಾರವಾ" ಎಂದರು. ನಮ್ಮ ಮೈಸೂರಿನಲ್ಲಿ ಹಗುರ ಎಂದರೆ ಭಾರವಿಲ್ಲದ್ದು. ಗಡಿಗೆ ಭಾರವಾಯಿತೆಂದು ಹೇಳುತ್ತಿದ್ದಾರೆ, ಎಷ್ಟು ಒಳ್ಳೆಯ ಅತ್ತೆ ಎಂದುಕೊಂಡು ಅರ್ಧ ಮಜ್ಜಿಗೆ ಬೇರೆ ಪಾತ್ರೆಗೆ ಸುರಿದು, ಅರ್ಧ ಗಡಿಗೆ ತೆಗೆದುಕೊಂಡು ಹೋದೆ. ಪಂಕ್ತಿಯಲ್ಲಿ ಕೂತಿದ್ದವರಿಗೆ ಸಾಲಲಿಲ್ಲ. ಧಾರವಾಡದಲ್ಲಿ ಹಗೂರ ಎಂದರೆ ಮೆಲ್ಲಗೆ, ನಿಧಾನ. ಇಡೀ ಓಣಿ ವಾರವಿಡೀ ನಕ್ಕಿತು. ಆಮೇಲೆ ನನಗೂ ಹಗೂರವೆಂದರೆ ನಿಧಾನವೇ ಆಯಿತು. ಹಗೂರ ನಡೀರಿ, ಹಗೂರ ಇಳೀರಿ, ಹಗೂರ ತಿನ್ನು ಎಂದು ನಾನೇ ದಿನಕ್ಕೆ ಹತ್ತು ಸಲ ಅನ್ನುತ್ತೇನೆ.

ಇವರು ಕೇಳಿದ್ದು ಬಿಗಿ ನಿಧಾನವಾಗಿ ಬರಲಿ ಎಂದು. ಎಳೆಯಬೇಕಾದದ್ದು ಕೆಳಗಿನ ಗೆರೆಯನ್ನು. ಹುಡುಗಿ ಎಳೆದದ್ದು ಮೇಲಿನದನ್ನು. ಕೊರಕಲಿಗೆ ಇಳಿದಾಗ ಇವರ ಮಣಿಕಟ್ಟಿಗೆ ಯಂತ್ರದ ಆಸರೆ ಇರಲೇ ಇಲ್ಲ. ಕೈಗೂ ಕಲ್ಲಿಗೂ ವ್ಯತ್ಯಾಸ ತಿಳಿಯುವ ಪೆಟ್ಟಿಗೆ ಮಾಡಿದ್ದರು. ಹಗೂರಕ್ಕೂ ಹಗುರಕ್ಕೂ ವ್ಯತ್ಯಾಸ ಅಲ್ಲಿ ತಿಳಿಯಬಹುದಾಗಿದ್ದ ಒಂದೇ ಜೀವ ಥರ್ಮಾಸ್ ಹಿಡಿದು ನಿಂತಿತ್ತು.

ಸಿಂಚನಾಗೆ ಹೇಳಿದೆ. ಅವಳು ಬಾಯಿಗೆ ಕೈ ಹಚ್ಚಿದಳು. ಕಣ್ಣಲ್ಲಿ ನೀರು ಬಂತು.

"ಅಯ್ಯೋ ಆಂಟಿ. ಈಗ್ಲೇ ಅಂಕಲ್‌ಗೆ ಹೇಳ್ತೀನಿ. ದತ್ತಾಭಾವುಗೆ ಫೋನ್ ಮಾಡ್ತೀನಿ."

"ತಡಿಯವಾ. ನಾ ಹೇಳ್ತೀನಿ. ನಿಂದೇನೂ ತಪ್ಪಿಲ್ಲ" ಎಂದೆ. ಅಷ್ಟರಲ್ಲಿ ಬಸ್ಸು ಬಂತು, ಬಾಟಲಿ ಹಿಡಿದು ಇವರೂ ಓಡಿ ಬಂದರು. ಅವಳು ಕಿಟಕಿಯ ಕೆಳಗೆ ನಿಂತು ಕೈ ಬೀಸಲೂ ಆಗದೆ ನಿಂತಿದ್ದಳು. "ಯಾಕ ಅಳಾಕತ್ಯಾಳ ಹುಡುಗಿ? ಬಿದ್ದಾಂವ ನಾನು" ಎಂದರು ಇವರು.

ಸುರಂಗ ದಾಟಿತು. ಶಿರವಳದಲ್ಲಿ ಚಹಾಕ್ಕೆ ನಿಂತಾಗಲೂ ನಾನು ಹೇಳಲಿಲ್ಲ. ಹೇಳಿದರೆ ನೋವು, ಹೇಳದಿದ್ದರೆ ಇವರು ಉಳಿದ ಆಯುಷ್ಯವನ್ನು ಕೈ ಮುಗಿಯಿತೆಂದುಕೊಂಡೇ ಕಳೆಯುತ್ತಾರೆ. ಎರಡನೆಯದು ಸುಳ್ಳು. ಅದನ್ನು ತೊಡೆಯ ಮೇಲಿಟ್ಟುಕೊಂಡು ಧಾರವಾಡದ ತನಕ ಕೂರುವುದು ನನ್ನಿಂದಾಗಲಿಲ್ಲ. ಬಸ್ಸು ಖಂಬಾಟಕಿ ಘಾಟು ಹತ್ತತೊಡಗಿದಾಗ ಹೇಳಿದೆ. ಮಜ್ಜಿಗೆ ಗಡಿಗೆಯಿಂದ ಹಿಡಿದು ಎರಡು ಗೆರೆಗಳ ತನಕ.

ಇವರು ಮುಂದಿನ ಸೀಟಿನ ಸರಳನ್ನು ಎಡಗೈಯಿಂದ ಹಿಡಿದರು, ಬಿಟ್ಟರು. ಮತ್ತೆ ಹಿಡಿದರು.

"ಹಂಗಾರ ಕೈ ಮುಗದಿಲ್ಲ," ಎಂದರು.

"ಇಲ್ಲ. ದತ್ತಾಭಾವುಗೆ ಫೋನ್ ಮಾಡೂಣು. ಹಿಂಗಿಂಗ ಆತು ಅಂತ ಹೇಳೂಣು. ಅವರು ಒಲ್ಲೆ ಅನ್ನಾಂಗಿಲ್ಲ."

"ಒಲ್ಲೆ ಅನ್ನಾಂಗಿಲ್ಲ. ಅದಕ್ಕs ಕೇಳಬಾರದು. ಕಾಯಿ ಒಡದಾನ. ಕಾಯಿ ಒಡದ ಮ್ಯಾಲ ಗಾಡಿ ತಿರಗಿ ಕೇಳೂದಂದ್ರ, ಅಕ್ಕಿಕಾಳು ಬಿದ್ದ ಮ್ಯಾಲ ಮಗಳನ್ನ ಕೊಡಂಗಿಲ್ಲ ಅಂದಂಗ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಕಡೆ ಅನ್ನುತ್ತಾರೆ. ಆ ಗಾದೆಯನ್ನು ನಾನು ಜೋರಾಗಿ ಹೇಳಲಿಲ್ಲ. ಅಂಜೂರದ ಡಬ್ಬಿ ತೆಗೆದು ಒಂದು ಹಣ್ಣು ಇವರ ಕೈಗಿಟ್ಟೆ. ಎಡಗೈಗೆ. ಇವರು ತಿನ್ನದೆ ಹಿಡಿದುಕೊಂಡು ಕೂತರು. ಘಾಟಿನ ತಿರುವಿನಲ್ಲಿ ಹಿಂದೆ ನೋಡಿದರೆ ನಾವು ಬಂದ ಬಯಲೆಲ್ಲ ಬಿಸಿಲಿನ ಮಸುಕಿನಲ್ಲಿತ್ತು. ಸಾಸವಡದ ಗುಡ್ಡ ಯಾವುದೆಂದು ಹುಡುಕಿದೆ. ಎಲ್ಲ ಗುಡ್ಡಗಳೂ ಒಂದೇ ಬಣ್ಣದವು, ಗುರುತು ಸಿಗಲಿಲ್ಲ. ನನ್ನ ಕಣ್ಣು ತುಂಬಿ ಬಂತು.

"ನಾನs ಅಲ್ಲೇ ನಿಂತಿದ್ನಿರೀ," ಎಂದೆ. "ನಾ ಮೈಸೂರಾಕಿ. ನನಗರೆ ತಿಳೀಬೇಕಿತ್ತು. ನೀವಂದದ್ದು ನೀವಂದಂಗs ಕೇಳಿಸ್ತು, ಆ ಹುಡುಗಿಗೆ ಹೆಂಗ ಕೇಳಿಸ್ತದ ಅಂತ ಹೊಳೀಲೇ ಇಲ್ಲ."

ಇವರು ನನ್ನ ಕಡೆ ತಿರುಗಿ ನಗಲು ನೋಡಿದರು.

"ಇಪ್ಪತ್ತೆರಡು ವರ್ಷ ನಿನ್ನ ಕನ್ನಡ ತಿದ್ದಿದೆ, ಸುಮಾ," ಎಂದರು. "ತಿದ್ದಬಾರದಿತ್ತು."